ಬಾಗಿಲಲ್ಲಿ ನಿಂತು ಆಡಿದ ಮಾತು

ನರ್ಸಿಂಗ್ ಕಲಿಯುವ ಮೂವತ್ತು ಹುಡುಗಿಯರ ಮೂಗಿಗೂ ಹತ್ತಿಕಡ್ಡಿ ಹಾಕಿ ಪರೀಕ್ಷೆ ಮಾಡಿದ್ದರು. ಒಂಬತ್ತು ಜನರಲ್ಲಿ ರೋಗಾಣು ಸಿಕ್ಕಿತು. ಕೈ ತೊಳೆಯುವುದರಲ್ಲಿ ತರಗತಿಗೇ ಮೊದಲು ಎನಿಸಿಕೊಂಡವಳೂ ಅವರಲ್ಲಿ ಒಬ್ಬಳು. ಏನು ಹೇಳೋಣ!

"ಇದು ಕಾಯಿಲೆ ಅಲ್ಲ ಕಣಮ್ಮ. ಎಷ್ಟೋ ಜನರ ಮೂಗಲ್ಲಿ ಸುಮ್ಮನೆ ಕೂತಿರುತ್ತೆ," ಎಂದು ಮೇಡಂ ಅವಳಿಗೆ ಮುಲಾಮಿನ ಟ್ಯೂಬು ಕೊಟ್ಟರು. "ಐದು ದಿನ ಹಚ್ಕೋ. ತೆರೆದ ಗಾಯದ ಹತ್ತಿರ ಮಾತ್ರ ಮಾಸ್ಕ್ ಇಲ್ಲದೆ ಹೋಗಬೇಡ."

ವಾರ್ಡಿನಲ್ಲಿ ಹುಡುಗಿ ಮಾಸ್ಕ್ ತೆಗೆದವಳೇ ಅಲ್ಲ. ತೆಗೆಯುತ್ತಿದ್ದುದು ಮನೆಯಲ್ಲಿ. ಸಕ್ಕರೆ ಕಾಯಿಲೆಯ ಅಜ್ಜಿಗೆ ಕಾಲ್ಬೆರಳಲ್ಲಿ ಗಾಯ. ಒಂದು ತಿಂಗಳಿಂದ ದಿನಾ ಸಂಜೆ ಬ್ಯಾಂಡೇಜ್ ಕಟ್ಟುತ್ತಾ, ಅಂದಿನ ಪಾಠವನ್ನೆಲ್ಲ ಅಜ್ಜಿಗೆ ಒಪ್ಪಿಸುತ್ತಿದ್ದಳು. ಅಜ್ಜಿಗೆ ಕಿವಿ ಸುತರಾಂ ಕೇಳಿಸದು, ತುಟಿ ನೋಡಿಯೇ ಮಾತು ಹಿಡಿಯುವುದು. ಬಾಯಿ ಮುಚ್ಚಿಕೊಂಡು ಮಾತಾಡುವುದಾದರೂ ಹೇಗೆ? ಗಾಯ ಮಾತ್ರ ಮಾಗಲೊಲ್ಲದು. ಇನ್ನೊಂದು ವಾರ ಹೀಗೇ ಇದ್ದರೆ ಬೆರಳು ತೆಗೆಯಬೇಕು ಎಂದಿದ್ದರು ಡಾಕ್ಟರು.

ಆ ಸಂಜೆ ಅವಳು ಕೋಣೆಯ ಬಾಗಿಲಲ್ಲೇ ನಿಂತಳು. ಮಾಸ್ಕ್ ಕೆಳಗೆಳೆದು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಅಜ್ಜಿ, ನನ್ನ ಮೂಗಲ್ಲಿ ರೋಗಾಣು ಇದೆಯಂತೆ. ನಿನ್ನ ಗಾಯ ಮಾಗದೇ ಇರೋದು ನನ್ನಿಂದಲೇ ಇರಬೇಕು. ಇನ್ಮೇಲೆ ಬೇರೆ ಯಾರಾದ್ರೂ ಕಟ್ಟಲಿ."

ಅಜ್ಜಿ ಅವಳ ತುಟಿಯನ್ನೇ ನೋಡುತ್ತಿದ್ದಳು. "ನಿಮ್ಮ ತಾತಂಗೆ ಮೂಗಿನ ತುದೀಲೇ ಸಿಟ್ಟಿತ್ತು. ಅದರ ಜೊತೆ ನಲವತ್ತು ವರ್ಷ ಏಗಿದೀನಿ. ನಿನ್ನ ರೋಗಾಣು ಯಾವ ಮಹಾ?"

"ತಮಾಷೆ ಅಲ್ಲ ಅಜ್ಜಿ. ಬೆರಳು ಹೋಗುತ್ತೆ."

"ಹೋದ್ರೆ ಹೋಗ್ಲಿ ಅಂತ ನಾನೂ ಹೇಳ್ತಿಲ್ಲ. ಬೆರಳು ನಂದು, ನಂಗೆ ಬೇಕು. ಮಾಸ್ಕ್ ಹಾಕ್ಕೊಂಡು ಬಂದು ಕಟ್ಟು. ಮಾತು ಆಮೇಲೆ, ಅಲ್ಲೇ ಬಾಗಿಲಲ್ಲಿ ನಿಂತು ಆಡು."

ಹುಡುಗಿ ಕೈ ತೊಳೆದಳು, ಮಾಸ್ಕ್ ಏರಿಸಿದಳು, ಗ್ಲೌಸ್ ತೊಟ್ಟು ಹಾಸಿಗೆಯ ಬದಿಗೆ ಕೂತಳು. ಗಾಯದ ಬ್ಯಾಂಡೇಜ್ ಬಿಚ್ಚಿದಾಗ ದುಃಖ ತಡೆಯಲಾಗಲಿಲ್ಲ. "ತಪ್ಪಾಯ್ತು ಅಜ್ಜಿ," ಎಂದಳು ಮಾಸ್ಕಿನೊಳಗೇ. ಅದು ಅಜ್ಜಿಗೆ ಕೇಳಿಸಲೂ ಇಲ್ಲ, ಕಾಣಿಸಲೂ ಇಲ್ಲ. ಕಣ್ಣು ತುಂಬಿ ಬಂದು, ಒರೆಸಿಕೊಳ್ಳಲು ಕೈ ಎತ್ತಿದಳು.

"ಕೈ ಕೆಳಗಿಡು," ಅಜ್ಜಿ ಗದರಿದಳು. ದಿಂಬಿನ ಪಕ್ಕದಿಂದ ಕರವಸ್ತ್ರ ತೆಗೆದು, ಮೊಮ್ಮಗಳ ಎರಡೂ ಕಣ್ಣು ತಾನೇ ಒರೆಸಿದಳು. "ದಿನಾ ನಿನ್ನ ಬಾಯಿ ನೋಡಿ ನೋಡಿ ಪಾಠ ಎಲ್ಲ ನಂಗೂ ಬಂದಿದೆ. ಗ್ಲೌಸ್ ಹಾಕಿದ ಮೇಲೆ ಮುಖ ಮುಟ್ಟಬಾರದು."