ಸೆತೋದಾಕ್ಕೆ ಹತ್ತು ಅಂಕ

ಲಿಂಬೆ ಪೆಪ್ಪರಮಿಂಟಿನ ವಾಸನೆ ಬಂದರೆ ಸಾಕು, ಈಗಲೂ ನಾನು ಪರದೇಶದ ಪುಚೊಂಗ್ ಊರಿನ ನಮ್ಮ ಬಾಲ್ಕನಿಯಲ್ಲಿರುತ್ತೇನೆ.

ಲಾಕ್‌ಡೌನಿನ ಒಂದು ಮಧ್ಯಾಹ್ನ ಅಪ್ಪ, ನಾನು, ಪಕ್ಕದ ಬಾಲ್ಕನಿಯ ಜಪಾನಿ ಅಜ್ಜಿ ಮೂವರೂ 'ನೇಮ್, ಪ್ಲೇಸ್, ಅನಿಮಲ್, ಥಿಂಗ್' ಆಡುತ್ತಿದ್ದೆವು. ಅಕ್ಷರ 'ಎಸ್'. ಊರಿನ ಜಾಗದಲ್ಲಿ ಅಜ್ಜಿ ತಾವು ಹುಟ್ಟಿದ ದ್ವೀಪದ ಊರು ಸೆತೋದಾ ಬರೆದಿದ್ದರು. ಅಲ್ಲಿ ಗುಡ್ಡದ ತುಂಬ ಲಿಂಬೆ ತೋಟಗಳಂತೆ.

ಅಪ್ಪ ಫೋನಿನಲ್ಲಿ ಹುಡುಕಿ, ಆ ಊರನ್ನು ಒನೊಮಿಚಿ ನಗರಕ್ಕೆ ಸೇರಿಸಿ ವರ್ಷಗಳೇ ಆಗಿವೆ ಎಂದು ಕಂಡುಹಿಡಿದರು. "ಸಾರಿ ಆಂಟಿ, ನೋ ಮಾರ್ಕ್ಸ್."

"ಸಿಟಿ ಕೇಮ್ ಲೇಟರ್ ಲಾ!" ಪುಚೊಂಗ್‌ನವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ಅಜ್ಜಿ ಪೆನ್ನು ಕುಟ್ಟಿದರು. "ಸೆತೋದಾ ಈಸ್ ಸೆತೋದಾ!"

ನಾನು ಅಪ್ಪನ ಹಾಳೆ ಇಣುಕಿದೆ. ಅಲ್ಲಿ ದೊಡ್ಡ ಅಕ್ಷರಗಳಲ್ಲಿ ಅವರದೇ ಹುಟ್ಟೂರಿತ್ತು.

"ಅಪ್ಪಾ, ಸುರತ್ಕಲ್ ಕೂಡ ಈಗ ಮಂಗಳೂರು ಸಿಟಿಯೊಳಗೇ ಅಲ್ವಾ?"

"ಅದು ಕಾರ್ಪೊರೇಶನ್‌ನವರ ಲೆಕ್ಕ ಮಾರಾಯ್ತಿ! ಸುರತ್ಕಲ್ ಅಂದ್ರೆ ಸುರತ್ಕಲ್ಲೇ!"

ಗುಡುಗಿದ ಅಪ್ಪ ಥಟ್ಟನೆ ಪೆನ್ನು ಎತ್ತಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ ಅಜ್ಜಿಗೂ ತಮಗೂ ಹತ್ತತ್ತು ಅಂಕ ಬರೆದರು.

ಕನ್ನಡ ಬಾರದ ಅಜ್ಜಿ ಜೋರಾಗಿ ನಕ್ಕು, ಕಂಬಿಯಾಚೆಯಿಂದ ಲಿಂಬೆ ಪೆಪ್ಪರಮಿಂಟು ಚಾಚಿದರು. ಹಾಲಿನ ಪ್ಯಾಕೆಟ್ಟಿಗೂ ಸ್ಯಾನಿಟೈಸರ್ ಹಚ್ಚುತ್ತಿದ್ದ ಅಪ್ಪ ಅದನ್ನು ಹಾಗೇ ಬಾಯಿಗೆ ಹಾಕಿಕೊಂಡರು.