ಮೇಸ್ತ್ರಿಯ ಕಾಲಡಿಯ ತಾರೀಖು

ಅನುದಾನದ ಅಧಿಕಾರಿ ಶಿಶುವಿಹಾರದ ಹೊಸ ಕೋಣೆ ನೋಡಲು ಬಂದದ್ದೇ ತಡ, ಮೇಸ್ತ್ರಿ ಓಡಿಹೋಗಿ ಬಾಗಿಲ ಬಳಿ ಅಡಿಪಾಯದ ಮೇಲೆ ಕಾಲೂರಿ ನಿಂತ. ಕೆಲಸ ಮುಗಿದ ದಿನದ ತಾರೀಖನ್ನು ಹಸಿ ಸಿಮೆಂಟಿನಲ್ಲಿ ಗೀಚುವುದು ಅವನ ಚಾಳಿ; ಅಡಿಪಾಯ ಮುಗಿದ ತಾರೀಖು ಈಗ ಅವನ ಕಾಲಡಿಯಲ್ಲಿತ್ತು. ಅನುದಾನದ ಅವಧಿ ಶುರುವಾದದ್ದು ಆ ತಾರೀಖಾಗಿ ನಾಲ್ಕು ದಿನಕ್ಕೆ.

“ದಾರಿ ಬಿಡಪ್ಪ.”

“ಕಾಲು ಜೋಮು ಹಿಡಿದಿದೆ ಸಾರ್.”

ಟೀಚರಮ್ಮ ಅನುದಾನದ ಪತ್ರವನ್ನು ಕೈಯಲ್ಲಿ ತಿರುವುತ್ತಲೇ ಇದ್ದಳು. ಅವಧಿಗೆ ಮುಂಚಿನ ಕೆಲಸಕ್ಕೆ ಅನುದಾನವಿಲ್ಲವೆಂದು ಪತ್ರದಲ್ಲೇ ಇತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇನ್ನೂ ಹಾಕದ ಸೂರೂ ಕೈತಪ್ಪುತ್ತದೆ. ಮಕ್ಕಳಿಗೆ ಮತ್ತೆ ಮರದ ನೆರಳೇ ಗತಿ.

“ಕಾಲು ತೆಗಿಯಪ್ಪಾ ಮೇಸ್ತ್ರಿ,” ಎಂದಳು. “ಸಾರ್, ಅಡಿಪಾಯ ನಾವೇ ಆತುರಪಟ್ಟು ಮೊದಲೇ ಹಾಕಿಬಿಟ್ವಿ. ಅದು ನಮ್ಮ ಪಾಲಿಗಿರಲಿ. ಗೋಡೆಯಿಂದ ಮೇಲಕ್ಕೆ ಮಾತ್ರ ನಿಮ್ಮದು.”

ಅಧಿಕಾರಿ ಬಗ್ಗಿ ತಾರೀಖು ಓದಿದರು. ಆಮೇಲೆ ಪೆನ್ನು ತೆಗೆದು ಲೆಕ್ಕವನ್ನು ಗೋಡೆಯಿಂದ ಬರೆಯತೊಡಗಿದರು.