ಎರಡು ಲಕ್ಷದ ಸರ್ವಿಸ್

ಕೆಂಪು ಕಾರು ಸರ್ವಿಸಿಗೆ ಬಂದಿದೆ ಎಂದು ಗ್ಯಾರೇಜಿನ ದಸ್ತಗೀರ ಫೋನ್ ಮಾಡಿದಾಗ ಹಲ್ಲಿನ ಡಾಕ್ಟರ್ ಪಂಪಣ್ಣ ಒಬ್ಬರ ಬಾಯಿ ತೆರೆಸಿಕೊಂಡು ಕೂತಿದ್ದರು. "ಸ್ವಲ್ಪ ಹೊತ್ತು ಹಂಗ ಇರ್ರಿ" ಎಂದು ರೋಗಿಗೆ ಹೇಳಿ, ಕೈಗವಸು ಕಳಚುತ್ತಲೇ ಗ್ಯಾರೇಜಿಗೆ ಓಡಿಬಂದರು.

ಎರಡೇ ಬಾಗಿಲಿನ ಆ ಹಳೆಯ ಸ್ಪೋರ್ಟ್ಸ್ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿತ್ತು. ಅದಕ್ಕೆ ಯಾವಾಗ ಏನು ಬದಲಿಸಬೇಕೆಂಬುದೆಲ್ಲ ಡಾಕ್ಟರ ಡೈರಿಯಲ್ಲಿತ್ತು.

"ಆಯಿಲ್ ಹಾಕೀನಿ, ಬ್ರೇಕ್ ನೋಡೀನ್ರಿ" ಎಂದ ದಸ್ತಗೀರ.

"ಟೈಮಿಂಗ್ ಬೆಲ್ಟ್?"

"ಅದು ಇನ್ನೂ ಹತ್ತು ಸಾವಿರ ಓಡತೈತ್ರಿ ಸಾಹೇಬ್ರ."

"ಓಡೂಮುಂದ ಹರದ್ರ? ಇಂಜಿನ್ನ ಹೋಗತೈತಿ! ಇವತ್ತ ಹೊಸಾದು ಹಾಕು."

ದಸ್ತಗೀರ ತಲೆ ಕೆರೆದುಕೊಂಡ. "ಹಾಕಿದ್ರ ನನಗ ಬೈಗಳ ಬೀಳ್ತಾವ್ರಿ."

"ಯಾರು ಬೈತಾರ? ನಾ ಹೇಳಾಕತ್ತೀನಲ್ಲ!"

ಬೆಲ್ಟ್ ಕೂರುವವರೆಗೂ ಡಾಕ್ಟರೇ ಟಾರ್ಚ್ ಹಿಡಿದು ನಿಂತರು. ಇಂಜಿನ್ ಶುರುವಾದಾಗ ಕಣ್ಣು ಮುಚ್ಚಿ ಕಿವಿಗೊಟ್ಟರು. ಸದ್ದು ಸರಿಯಾಗಿತ್ತು. ಅವರ ಮುಖ ಅರಳಿತು. ಬಾನೆಟ್ಟಿನ ಮೇಲೆ ಬಿದ್ದಿದ್ದ ಬೆರಳಚ್ಚನ್ನು ತಮ್ಮ ಕರ್ಚೀಫಿನಿಂದಲೇ ಒರೆಸಿದರು.

ಅಷ್ಟರಲ್ಲಿ ಕರಿ ಕೋಟಿನ ವಕೀಲೆ ಮಹಾನಂದಾ ಆಟೋದಿಂದ ಇಳಿದು ನೇರ ಒಳಗೆ ಬಂದರು. ನೆಲದ ಮೇಲಿದ್ದ ಹಳೆಯ ಬೆಲ್ಟನ್ನು ನೋಡಿದರು, ದಸ್ತಗೀರನನ್ನು ನೋಡಿದರು. ಅವನು ಡಾಕ್ಟರ ಕಡೆ ಕೈ ತೋರಿಸಿದ.

"ಒಂದ್ ಸರ್ತಿನರ ನಾ ಹೇಳಿದಂಗ ಸರ್ವಿಸ್ ಆಗಲಿ ಬಿಡ್ರಿ ಡಾಕ್ಟ್ರ" ಎಂದು ಮಹಾನಂದಾ ಕೀಗೆ ಕೈ ಚಾಚಿದರು. "ನೀವು ಈ ಕಾರು ನನಗ ಮಾರಿ ಮೂರು ವರ್ಷ ಆತು."